ಹುಳಿಮಾವಿನಿಂದ ಹವಳದ ದಿಬ್ಬಕ್ಕೆ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಆಸ್ಪತ್ರೆ, ಐಐಎಂ, ಅರೆಕೆರೆ ದಾಟಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಊರು ಹುಳಿಮಾವು. ಹೆಸರು ಕೇಳಿದರೇ ಬಾಯಲ್ಲಿ ನೀರೂರುತ್ತದೆ. ಬಂಡೆಯೊಳಗಿನ ಗುಹಾ ದೇವಾಲಯದಲ್ಲಿ ರಾಮಲಿಂಗೇಶ್ವರ, ಊರ ಮಗ್ಗುಲಲ್ಲಿ ದೊಡ್ಡ ಕೆರೆ; ಉಳಿದಂತೆ ಅಪಾರ್ಟ್‌ಮೆಂಟು, ಬಾಡಿಗೆ ಮನೆ, ಪಿ.ಜಿ., ಕೋಚಿಂಗ್ ಕ್ಲಾಸು. ಇಲ್ಲಿಂದ ಕಡಲು ಕಾಣಬೇಕಾದರೆ ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರಿನ ದಾರಿ.

ಹಾಗೆಂದು ಹುಳಿಮಾವಿಗೂ ಸಮುದ್ರಕ್ಕೂ ನಂಟೇ ಇಲ್ಲವೆನ್ನುವಂತಿಲ್ಲ. ಈ ಕೆರೆ ಕೋಡಿ ಬಿದ್ದರೆ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಸರಪಳಿ ಹಿಡಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಆ ನದಿ ತಮಿಳುನಾಡು ದಾಟಿ, ಪುದುಚೇರಿಗೆ ಸಮೀಪದ ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಅದೇ ಪುದುಚೇರಿಯ ಕಡಲಲ್ಲಿ ಇಂದು ಬೆಂಗಳೂರಿನ ಎಷ್ಟೋ ಹುಡುಗ ಹುಡುಗಿಯರು ಸ್ಕೂಬಾ ಡೈವಿಂಗ್ ಕಲಿಯುತ್ತಾರೆ. ನೀರು ಮೊದಲು ಹೋಯಿತು, ಮಕ್ಕಳು ಆಮೇಲೆ ಹೊರಟರು, ಅಷ್ಟೇ.

ನೀರಿನ ಸಿಟ್ಟು ಎಂಥದೆಂಬುದೂ ಈ ಊರಿಗೆ ಗೊತ್ತು. 2019ರ ನವೆಂಬರ್ 24ರ ಭಾನುವಾರ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಬೀದಿಯಲ್ಲಿ ನಿಲ್ಲಿಸಿದ್ದ ವಾಹನಗಳು ಮುಳುಗಿದವು. ಮನೆಯೊಳಗೆ ಸಿಕ್ಕಿಕೊಂಡವರನ್ನು ರಕ್ಷಣಾ ಸಿಬ್ಬಂದಿ ಹೊರತರಬೇಕಾಯಿತು. ಅಂಥ ಊರಿನ ಮನೆಯಲ್ಲಿ ಡಿಗ್ರಿ ಓದುವ ಮಗಳು, ಇಲ್ಲವೇ ಈಗಷ್ಟೇ ಕೆಲಸಕ್ಕೆ ಸೇರಿದ ಮಗ, ಊಟದ ಹೊತ್ತಿಗೆ ‘ಅಪ್ಪಾ, ರಜೆಗೆ ಒಂದು ವಾರ ಹಡಗಿನಲ್ಲೇ ಇದ್ದು ಡೈವಿಂಗ್ ಮಾಡಿ ಬರ್ತೀನಿ’ ಎಂದರೆ ಅಪ್ಪನ ಕೈಯ ತುತ್ತು ಅಲ್ಲೇ ನಿಲ್ಲುವುದು ಸಹಜ. ‘ಬೇಡ’ ಎಂದುಬಿಡುವುದು ಸುಲಭ. ‘ಹೋಗು’ ಎನ್ನುವುದೂ ಸುಲಭವೇ. ಎರಡರ ನಡುವೆ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ.

ಹಡಗೇ ಮನೆ

ಇಂಗ್ಲಿಷಿನಲ್ಲಿ ಇದನ್ನು ‘ಲಿವ್‌ಅಬೋರ್ಡ್’ ಎನ್ನುತ್ತಾರೆ. ಹತ್ತಿಪ್ಪತ್ತು ಮಂದಿ ಪ್ರವಾಸಿಗರು ಹಡಗಿನಲ್ಲೇ ಮಲಗಿ, ಹಡಗಿನಲ್ಲೇ ಉಂಡು, ದಿನಕ್ಕೆ ಮೂರು ನಾಲ್ಕು ಸಲ ನೀರಿಗಿಳಿಯುವ ಪ್ರವಾಸ ಇದು. ಬೆಳಗಿನ ಆರು ಗಂಟೆಗೆ ಗಂಟೆ ಬಾರಿಸಿ ಎಬ್ಬಿಸುತ್ತಾರೆ. ಒಂದು ಲೋಟ ಕಾಫಿ, ಕಪ್ಪು ಹಲಗೆಯ ಮೇಲೆ ಅಂದಿನ ತಾಣದ ನಕ್ಷೆ, ಮಾರ್ಗದರ್ಶಿಯ ಸೂಚನೆ, ಮೊದಲ ಮುಳುಗು. ಮೇಲೆ ಬಂದು ತಿಂಡಿ, ವಿಶ್ರಾಂತಿ, ಎರಡನೆಯ ಮುಳುಗು. ಊಟ, ನಿದ್ದೆ, ಮೂರನೆಯದು. ಕೆಲವು ದಿನ ಕತ್ತಲಾದ ಮೇಲೆ ಟಾರ್ಚು ಹಿಡಿದು ಇನ್ನೊಂದು. ಎಲ್ಲರೂ ಮಲಗಿದ ಮೇಲೆ ಹಡಗು ಮುಂದಿನ ತಾಣದತ್ತ ಸಾಗುವುದೂ ಉಂಟು. ದಡದ ದೋಣಿಗಳು ಮುಟ್ಟಲಾಗದಷ್ಟು ದೂರದ ಹವಳದ ದಿಬ್ಬಗಳನ್ನು ನೋಡಲು ಇದೇ ದಾರಿ. ವಾರದಲ್ಲಿ ಹದಿನೈದಕ್ಕೂ ಹೆಚ್ಚು ಮುಳುಗು ಸಿಗುತ್ತವೆ.

ಕಡಲ ಮೇಲೆ ದಿನಗಟ್ಟಲೆ ಬಾಳುವುದು ಕನ್ನಡ ನಾಡಿಗೆ ಹೊಸ ಸಂಗತಿಯಲ್ಲ. ಮಲ್ಪೆ, ಮಂಗಳೂರಿನ ಆಳಸಮುದ್ರದ ಮೀನುಗಾರರು ಐಸು, ಡೀಸೆಲು, ಅಕ್ಕಿ ತುಂಬಿಕೊಂಡು ಹೊರಟರೆ ಹತ್ತು ದಿನಕ್ಕೂ ಮಿಕ್ಕಿ ದಡ ಕಾಣುವುದಿಲ್ಲ. ಆ ಬದುಕಿನ ಬೆಲೆಯೂ ಅವರಿಗೇ ಗೊತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ, 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಗುರುತಿಸಿತು. ಪ್ರವಾಸದ ಹಡಗು ಎಷ್ಟೇ ಚೆಂದವಾಗಿರಲಿ, ತೇಲುವುದು ಇದೇ ಕಡಲಿನ ಮೇಲೆ.

ಮೊದಲ ಮೆಟ್ಟಿಲು ನೇತ್ರಾಣಿ

ವಾರದ ಹಡಗಿಗಿಂತ ಮೊದಲು ಒಂದು ದಿನದ ದೋಣಿ. ಅದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಜಾಗವಿದೆ. ಉತ್ತರ ಕನ್ನಡದ ಮುರ್ಡೇಶ್ವರದಿಂದ ಅರಬ್ಬೀ ಸಮುದ್ರದೊಳಗೆ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಎನ್ನುತ್ತಾರೆ. ಮೀನುಗಾರರ ಪಾಲಿಗೆ ಅದು ಜಟ್ಟಿಗನ ನೆಲೆ. ಬಿಳಿಹೊಟ್ಟೆಯ ಕಡಲ ಹದ್ದುಗಳಿಗೆ ಅದು ತವರು; ನೌಕಾಪಡೆ ಒಂದು ಕಾಲದಿಂದ ಗುರಿ ಅಭ್ಯಾಸಕ್ಕೆ ಬಳಸಿದ ಬಂಡೆಯೂ ಹೌದು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿನ ನೀರಿಗಿಳಿದದ್ದನ್ನು ಕಂಡ ಮೇಲೆ ಈ ದ್ವೀಪದ ಹೆಸರು ಮನೆಮನೆಗೂ ತಲುಪಿತು.

ಬೆಂಗಳೂರಿನಿಂದ ಮುರ್ಡೇಶ್ವರಕ್ಕೆ ರೈಲು, ಬಸ್ಸು ಎರಡೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಡಲು ಯಾರನ್ನೂ ಹತ್ತಿರ ಬಿಡುವುದಿಲ್ಲ. ಮಳೆ ತಗ್ಗಿದ ಮೇಲೆ ದೋಣಿಗಳು ಹೊರಡುತ್ತವೆ. ಬೇಸಿಗೆ ರಜೆಗಿಂತ ದಸರೆ ಕಳೆದ ಮೇಲಿನ ತಿಂಗಳುಗಳಲ್ಲಿ ನೀರು ತಿಳಿಯಾಗಿರುವ ಸಂಭವ ಹೆಚ್ಚು.

ಇಲ್ಲಿ ಪಾಲಕರು ಒಂದು ವ್ಯತ್ಯಾಸ ತಿಳಿದಿರಬೇಕು. ನೇತ್ರಾಣಿಗೆ ಹೋದವರಲ್ಲಿ ಹೆಚ್ಚಿನವರು ಮಾಡುವುದು ‘ಪರಿಚಯ ಮುಳುಗು’. ಅರ್ಧ ಗಂಟೆಯ ಪಾಠ, ನಂತರ ಶಿಕ್ಷಕನೇ ಸಿಲಿಂಡರ್ ಹಿಡಿದು ನೀರೊಳಗೆ ಸುತ್ತಾಡಿಸಿ ಕರೆತರುತ್ತಾನೆ. ಆಳ ಹೆಚ್ಚೆಂದರೆ 12 ಮೀಟರ್. ಫೋಟೊ ಸೊಗಸಾಗಿ ಬರುತ್ತದೆ, ಹೆಬ್ಬೆರಳು ತೋರುಬೆರಳು ಸೇರಿಸಿ ‘ಓಕೆ’ ಎಂದದ್ದೂ ಕಾಣುತ್ತದೆ. ಆದರೆ ಅದು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಬಂದ ಹಾಗೆ. ಆ ಫೋಟೊ ನಂಬಿ ವಾರದ ಹಡಗಿಗೆ ಹಣ ಕಟ್ಟುವಂತಿಲ್ಲ.

ಕಲಿಯುವುದೆಂದರೆ ಬೇರೆ. ‘ಓಪನ್ ವಾಟರ್’ ಎಂಬ ಮೊದಲ ತರಬೇತಿಗೆ ಮೂರು ನಾಲ್ಕು ದಿನ ಬೇಕು. ಪಾಠ ಮತ್ತು ಈಜುಕೊಳದ ಅಭ್ಯಾಸ ಬೆಂಗಳೂರಿನಲ್ಲೇ ಮುಗಿಸಬಹುದು. ಸಮುದ್ರದ ನಾಲ್ಕು ಮುಳುಗುಗಳಿಗೆ ನೇತ್ರಾಣಿ, ಪುದುಚೇರಿ ಅಥವಾ ಅಂಡಮಾನಿಗೆ ಹೋಗಬೇಕು. 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ತೇಲಿರಬೇಕು. ನೀರೊಳಗೆ ಕನ್ನಡಕ ತೆಗೆದು ಮತ್ತೆ ಹಾಕಿಕೊಳ್ಳಬೇಕು; ಬಾಯಿಂದ ಗಾಳಿನಳಿಗೆ ಜಾರಿದರೆ ಹುಡುಕಿ ಹಿಡಿಯಬೇಕು; ಗಾಳಿ ಮುಗಿದರೆ ಜೊತೆಗಾರನಿಂದ ಪಡೆಯಬೇಕು. ಹದಿನೈದು ವರ್ಷ ತುಂಬಿದವರಿಗೆ ಪೂರ್ಣ ಪ್ರಮಾಣಪತ್ರ, ಹತ್ತು ವರ್ಷ ದಾಟಿದ ಮಕ್ಕಳಿಗೆ ಕಿರಿಯರ ಪ್ರಮಾಣಪತ್ರ. ಇದರ ಮಿತಿ 18 ಮೀಟರ್. ‘ಅಡ್ವಾನ್ಸ್ಡ್’ ಎಂಬ ಎರಡನೆಯ ಹಂತದಲ್ಲಿ 30 ಮೀಟರ್.

ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಇದ್ದವರು ಅದನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಿ ಬರೆಸಿಕೊಂಡು ಹೋಗಬೇಕು. ನೀರು ಸುಳ್ಳು ಅರ್ಜಿಯನ್ನು ಒಪ್ಪುವುದಿಲ್ಲ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ವಿದ್ಯಾರ್ಥಿನಿಯರು ಇದೇ ಮುರ್ಡೇಶ್ವರದ ದಡದಲ್ಲಿ ನೀರುಪಾಲಾದರು. ಅವರು ಡೈವಿಂಗ್‌ಗೆ ಹೋದವರಲ್ಲ, ಅಲೆಯಲ್ಲಿ ಆಡಲು ಇಳಿದವರು. ಬಯಲುಸೀಮೆಯ ಮಕ್ಕಳಿಗೆ ಕಡಲು ಕೆರೆಯಂತಲ್ಲ ಎಂಬುದನ್ನು ಹೇಳಿಕೊಡಲೇಬೇಕು.

ಗೋಲಿ ಸೋಡಾದ ಪಾಠ

ಬೆಂಗಳೂರಿನವರು ವಿಶೇಷವಾಗಿ ನೆನಪಿಡಬೇಕಾದ ವಿಜ್ಞಾನವೊಂದಿದೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ, ಮಾಂಸದಲ್ಲಿ ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಹೋಗುತ್ತದೆ. ಗಡಿಬಿಡಿಯಲ್ಲಿ ಮೇಲೆ ಬಂದರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ. ಒತ್ತಡ ತಟ್ಟನೆ ಇಳಿದು ಮೈಯೊಳಗೇ ಗುಳ್ಳೆ ಏಳುತ್ತವೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಉಸಿರು ಬಿಗಿಹಿಡಿದು ಮೇಲೇರಿದರಂತೂ ಹಿಗ್ಗುವ ಗಾಳಿಗೆ ಶ್ವಾಸಕೋಶವೇ ಹರಿಯುವ ಅಪಾಯವಿದೆ.

ಡೈವಿಂಗ್ ಆದ ಕೂಡಲೇ ವಿಮಾನ ಹತ್ತಬಾರದೆಂಬ ನಿಯಮ ಇದರಿಂದಲೇ ಬಂದದ್ದು. ಒಂದೇ ಮುಳುಗಾದರೆ ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಅಥವಾ ಹಲವು ದಿನ ಮುಳುಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಇದು ವಿಮಾನಕ್ಕಷ್ಟೇ ಅಲ್ಲ, 2,000 ಅಡಿಗಿಂತ ಎತ್ತರದ ಯಾವುದೇ ಜಾಗಕ್ಕೂ ಗಮನಿಸಬೇಕಾದ ಮಾತು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ! ಮಧ್ಯಾಹ್ನದವರೆಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ, ಸಂಜೆಯ ಬಸ್ಸಿಗೆ ಘಟ್ಟ ಹತ್ತಿ, ಬೆಳಗಾಗುವುದರೊಳಗೆ ಹುಳಿಮಾವಿನಲ್ಲಿ ಇಳಿಯುವ ಹುಡುಗರು ತಮಗೆ ಅರಿವಿಲ್ಲದೆಯೇ ಈ ನಿಯಮ ಮುರಿಯುತ್ತಿರುತ್ತಾರೆ. ಒಂದು ರಾತ್ರಿ ಮುರ್ಡೇಶ್ವರದಲ್ಲೇ ತಂಗಿದರೆ ಕಳೆದುಕೊಳ್ಳುವುದು ಒಂದು ದಿನದ ಕ್ಲಾಸು, ಅಷ್ಟೇ.

ವಾರದ ಹಡಗಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಇಳಿಯುವುದರಿಂದ ಸಾರಜನಕದ ಸಾಲ ದಿನದಿನಕ್ಕೆ ಬೆಳೆಯುತ್ತದೆ. ಒಳ್ಳೆಯ ಹಡಗುಗಳು ಕೊನೆಯ ದಿನ ಯಾರನ್ನೂ ನೀರಿಗಿಳಿಸದೆ ಇರುವುದು ಇದಕ್ಕೇ. ಪ್ರತಿಯೊಬ್ಬರ ಕೈಯಲ್ಲೂ ಆಳ, ಸಮಯ ಲೆಕ್ಕವಿಡುವ ಡೈವ್ ಕಂಪ್ಯೂಟರ್ ಇರಬೇಕು. ಜೊತೆಗಾರನದನ್ನು ನೋಡಿ ಇಳಿಯುತ್ತೇನೆನ್ನುವುದು ಪಕ್ಕದವನ ಉತ್ತರಪತ್ರಿಕೆ ನಕಲು ಮಾಡಿದಂತೆ. ಅವನ ಪ್ರಶ್ನೆಪತ್ರಿಕೆಯೇ ಬೇರೆ ಇರಬಹುದು.

ಯಾವ ಕಡಲು?

ಹತ್ತಿರದಲ್ಲಿರುವುದು ಲಕ್ಷದ್ವೀಪ. ಕನ್ನಡ ನಾಡಿಗೆ ಅದು ಹಳೆಯ ನೆಂಟ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮಿನ್‌ದೀವಿ ದ್ವೀಪಗಳು ಟಿಪ್ಪುವಿನ ಆಳ್ವಿಕೆಗೆ ಸೇರಿದ್ದು, 1799ರ ನಂತರ ಕಂಪನಿ ಸರ್ಕಾರಕ್ಕೆ ಹೋಗಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ದ್ವೀಪದವರು ತೆಂಗಿನ ನಾರು ತಂದು ಮಂಗಳೂರಿನಲ್ಲಿ ಮಾರಿ ಅಕ್ಕಿ ಒಯ್ಯುತ್ತಿದ್ದರು. ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು. ದಡದಲ್ಲಿ ಉಳಿದು ಡೈವಿಂಗ್ ಮಾಡುವುದೇ ಅಲ್ಲಿ ರೂಢಿ.

ಅಂಡಮಾನ್ ಎಂದರೆ ಕನ್ನಡ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಪ್ರವಾಸಕಥನ ನೆನಪಾಗುತ್ತದೆ. 2018ರಲ್ಲಿ ಸ್ವರಾಜ್ ದ್ವೀಪವೆಂದು ಹೆಸರು ಬದಲಿಸಿಕೊಂಡ ಹ್ಯಾವ್ಲಾಕ್ ದೇಶದ ಡೈವಿಂಗ್ ಪಾಠಶಾಲೆ ಇದ್ದಂತೆ. ಭಾರತದ ಏಕೈಕ ಜೀವಂತ ಜ್ವಾಲಾಮುಖಿಯಾದ ಬ್ಯಾರೆನ್ ದ್ವೀಪದ ಕಪ್ಪು ಬಂಡೆಗಳ ಬಳಿಗೆ ಇಲ್ಲಿಂದ ಹಡಗಿನ ಯಾತ್ರೆಗಳು ನಡೆದಿವೆ. ಆದರೆ ಅದು ಹೊಸಬರ ತಾಣವಲ್ಲ. ತೆರೆದ ಕಡಲು, ಆಳದ ಗೋಡೆ, ಸಹಾಯ ಬಲು ದೂರ. ಹೊಸಬರು ಸ್ವರಾಜ್ ದ್ವೀಪದಲ್ಲಿ ಒಂದು ವಾರ ದಡದಿಂದಲೇ ಮುಳುಗಿ ಕೈ ಪಳಗಿಸಿಕೊಳ್ಳುವುದು ಜಾಣತನ.

ಮೊದಲ ವಾರದ ಹಡಗಿಗೆ ಬೆಂಗಳೂರಿನವರು ಸಾಮಾನ್ಯವಾಗಿ ಹೋಗುವುದು ಮಾಲ್ಡೀವ್ಸಿಗೆ. ಭಾರತೀಯರು ಮುಂಚಿತವಾಗಿ ವೀಸಾ ಪಡೆಯಬೇಕಿಲ್ಲ. ಹವಳದ ಉಂಗುರದ್ವೀಪಕ್ಕೆ ಜಗತ್ತೆಲ್ಲ ಬಳಸುವ ‘ಅಟಾಲ್’ ಎಂಬ ಮಾತು ಅಲ್ಲಿನ ದಿವೇಹಿ ಭಾಷೆಯದು. ದೊಡ್ಡ ಹಡಗಿನ ಹಿಂದೆ ಗಾಳಿಯ ಸಿಲಿಂಡರ್ ಹೊತ್ತು ಬರುವ ಚಿಕ್ಕ ದೋಣಿಯನ್ನು ಅಲ್ಲಿ ‘ಧೋನಿ’ ಎನ್ನುತ್ತಾರೆ. ಕನ್ನಡ ಕಿವಿಗೆ ಪರಿಚಯವೇ ಬೇಡ! ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ಪರೀಕ್ಷೆ ಮುಗಿದು ಏಪ್ರಿಲ್ ಮೊದಲ ಭಾಗದಲ್ಲಿ ಹೊರಟವರಿಗೆ ಅನುಕೂಲ. ಮೇ ಬಂದರೆ ನೈಋತ್ಯ ಮಾರುತ ಬಾಗಿಲು ತಟ್ಟುತ್ತದೆ.

ಆದರೆ ಮಾಲ್ಡೀವ್ಸೆಂದರೆ ಒಂದೇ ಕಡಲಲ್ಲ. ಹವಳದ ಉಂಗುರದಲ್ಲಿ ಬಿರುಕು ಇದ್ದಲ್ಲೆಲ್ಲ ಸಾಗರದ ನೀರು ಒಳಗೆ ನುಗ್ಗುತ್ತದೆ, ಹೊರಗೆ ಹರಿಯುತ್ತದೆ. ಶಾರ್ಕ್‌ಗಳು ನೆರೆಯುವುದು ಆ ಕಾಲುವೆಗಳ ಬಾಯಲ್ಲಿ; ಸೆಳೆತ ಜೋರಾಗಿರುವುದೂ ಅಲ್ಲೇ. ಮಾಲೆ ಮತ್ತು ಆರಿ ಅಟಾಲ್‌ಗಳ ನಡುವಿನ ಮಧ್ಯದ ಮಾರ್ಗ ಮೊದಲ ಸಲಕ್ಕೆ ತಕ್ಕದ್ದು. ತೀರ ದಕ್ಷಿಣದ ಮಾರ್ಗಗಳು ಅನುಭವಿಗಳಿಗೆ. ಅಡ್ವಾನ್ಸ್ಡ್ ಪ್ರಮಾಣಪತ್ರ, ಮೂವತ್ತೋ ಐವತ್ತೋ ಮುಳುಗಿನ ದಾಖಲೆ ಇದ್ದರಷ್ಟೇ ಬನ್ನಿ ಎನ್ನುವ ಹಡಗುಗಳಿವೆ. ಹಾಗೆ ಕೇಳುವ ಹಡಗು ಸೊಕ್ಕಿನದಲ್ಲ, ನಂಬಿಕೆಗೆ ಯೋಗ್ಯವಾದದ್ದು. ನಾಲ್ಕೇ ಮುಳುಗು ಮಾಡಿದವರನ್ನೂ ಎಲ್ಲ ಕಡೆಗೂ ಕರೆದೊಯ್ಯುತ್ತೇವೆ ಎನ್ನುವವರ ಬಗ್ಗೆ ಎಚ್ಚರವಿರಲಿ.

ಇನ್ನೊಂದು ಮಾತು. ಜಾಹೀರಾತಿನ ಬಣ್ಣದ ಹವಳವೆಲ್ಲ ಈಗಿಲ್ಲ. 1998, 2016 ಮತ್ತು 2024ರಲ್ಲಿ ಕಡಲು ಬಿಸಿಯಾಗಿ ಮಾಲ್ಡೀವ್ಸ್, ಲಕ್ಷದ್ವೀಪಗಳ ಹವಳ ಬಿಳಿಚಿಕೊಂಡಿತು. ಕೆಲವೆಡೆ ಚೇತರಿಸಿದೆ, ಕೆಲವೆಡೆ ಇಲ್ಲ. ವಿಜ್ಞಾನ ಓದುವ ವಿದ್ಯಾರ್ಥಿಗೆ ಅದನ್ನು ಕಣ್ಣಾರೆ ಕಾಣುವುದೂ ಒಂದು ಪಾಠವೇ.

ಯಾವ ಹಡಗು?

ಎಲ್ಲರೂ ಮೊದಲು ನೋಡುವುದು ಕೋಣೆ, ಊಟ, ಫೋಟೊ. ನೋಡಬೇಕಾದದ್ದು ಹೊರಹೋಗುವ ಬಾಗಿಲು. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ತೀರದಾಚೆ ‘ಕನ್ಸೆಪ್ಷನ್’ ಎಂಬ ಡೈವಿಂಗ್ ಹಡಗಿಗೆ ಬೆಂಕಿ ಬಿತ್ತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿಯೂ ತೀರಿಕೊಂಡರು. ಹೊರಬರಲು ಎರಡು ದಾರಿಗಳಿದ್ದವು. ಎರಡೂ ಉರಿಯುತ್ತಿದ್ದ ಒಂದೇ ಕೋಣೆಗೆ ತೆರೆದುಕೊಳ್ಳುತ್ತಿದ್ದವು. ರಾತ್ರಿ ಎಚ್ಚರವಿದ್ದು ಗಸ್ತು ತಿರುಗುವವರು ಯಾರೂ ಇರಲಿಲ್ಲ ಎಂದು ತನಿಖೆ ಹೇಳಿತು. ಕ್ಯಾಪ್ಟನ್‌ಗೆ 2024ರಲ್ಲಿ ನಾಲ್ಕು ವರ್ಷದ ಸೆರೆವಾಸವಾಯಿತು. ಅದೇ 2024ರ ನವೆಂಬರ್ 25ರಂದು ಈಜಿಪ್ಟಿನ ಕೆಂಪು ಸಮುದ್ರದಲ್ಲಿ ‘ಸೀ ಸ್ಟೋರಿ’ ಹಡಗು ನಸುಕಿನಲ್ಲೇ ಮಗುಚಿ, ಹನ್ನೊಂದು ಮಂದಿ ಸತ್ತರು ಅಥವಾ ಕಾಣೆಯಾದರು.

ಇವೆರಡರಲ್ಲೂ ಜೀವ ಹೋದದ್ದು ಡೈವಿಂಗ್‌ನಿಂದಲ್ಲ, ಮಲಗಿದ್ದಾಗ. ಕಡಲ ತಳಕ್ಕೆ ಅಂಜುವ ಪಾಲಕರು ಹಾಸಿಗೆಯ ಬಗ್ಗೆಯೂ ವಿಚಾರಿಸಬೇಕು ಎಂಬುದು ಇದರ ತಾತ್ಪರ್ಯ.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು:

* ಮಲಗುವ ಕೋಣೆಯಿಂದ ಹೊರಬರಲು ಬೇರೆ ಬೇರೆ ಕಡೆಗೆ ತೆರೆಯುವ ಎರಡು ದಾರಿಗಳಿವೆಯೇ?
* ರಾತ್ರಿಯಿಡೀ ಯಾರು ಎಚ್ಚರವಿರುತ್ತಾರೆ? ಹೊಗೆ ಕಂಡರೆ ಕೂಗುವ ಗಂಟೆ ಇದೆಯೇ?
* ಕ್ಯಾಮೆರಾ, ಟಾರ್ಚಿನ ಬ್ಯಾಟರಿಗಳನ್ನು ಚಾರ್ಜ್ ಮಾಡಲು ಪ್ರತ್ಯೇಕ ಜಾಗವಿದೆಯೇ?
* ಮೊದಲ ದಿನವೇ ಲೈಫ್ ಜಾಕೆಟ್ ತೊಡಿಸಿ ಅಣಕು ಅಭ್ಯಾಸ ಮಾಡಿಸುತ್ತಾರೆಯೇ?
* ಒಬ್ಬ ಮಾರ್ಗದರ್ಶಿಗೆ ಎಷ್ಟು ಮಂದಿ? ಹೊಸಬರಿಗೆ ಬೇರೆ ತಂಡವಿದೆಯೇ?
* ಮೊದಲ ಮುಳುಗು ಸೆಳೆತವಿಲ್ಲದ ಜಾಗದಲ್ಲಿ ಪರೀಕ್ಷೆಯ ಮುಳುಗಾಗಿ ಇರುತ್ತದೆಯೇ?
* ಆಮ್ಲಜನಕದ ಸಿಲಿಂಡರ್ ಇದೆಯೇ? ಹತ್ತಿರದ ಒತ್ತಡ ಚಿಕಿತ್ಸಾ ಕೇಂದ್ರಕ್ಕೆ ಎಷ್ಟು ಗಂಟೆಯ ದಾರಿ?
* ಡೈವಿಂಗ್ ಅಪಘಾತಕ್ಕೆ ಅನ್ವಯಿಸುವ ವಿಮೆ ಮಾಡಿಸಲೇಬೇಕೆಂದು ಅವರೇ ಕೇಳುತ್ತಾರೆಯೇ?

ಉತ್ತರ ಕೊಡಲು ಬೇಸರಿಸುವ ಹಡಗಿಗೆ ಹೋಗುವುದೇ ಬೇಡ.

ಲೆಕ್ಕದ ಪುಸ್ತಕ

ಓಪನ್ ವಾಟರ್ ತರಬೇತಿಗೆ ದೇಶದೊಳಗೆ ಸುಮಾರು ಇಪ್ಪತ್ತೈದರಿಂದ ನಲವತ್ತು ಸಾವಿರ ರೂಪಾಯಿ. ಮಾಲ್ಡೀವ್ಸಿನ ವಾರದ ಹಡಗಿಗೆ ಒಬ್ಬರಿಗೆ ಒಂದರಿಂದ ಎರಡು ಲಕ್ಷ. ವಿಮಾನ, ವಿಮೆ, ಸಲಕರಣೆ ಬಾಡಿಗೆ, ತೆರಿಗೆ, ಸಿಬ್ಬಂದಿಗೆ ಕೊಡುವ ಭಕ್ಷೀಸು ಇವೆಲ್ಲ ಬೇರೆ. ಮಧ್ಯಮ ವರ್ಗದ ಮನೆಗೆ ಇದು ಸಣ್ಣ ಮೊತ್ತವಲ್ಲ. ಒಂದು ವರ್ಷದ ಕಾಲೇಜು ಶುಲ್ಕವೇ ಅಷ್ಟಿರುತ್ತದೆ. ಹಾಗಾಗಿ ಅವಸರ ಬೇಡ. ಮೊದಲ ವರ್ಷ ಬಡಾವಣೆಯ ಈಜುಕೊಳ ಮತ್ತು ಓಪನ್ ವಾಟರ್. ಎರಡನೆಯ ವರ್ಷ ನೇತ್ರಾಣಿ, ಅಂಡಮಾನ್ ಸೇರಿ ಇಪ್ಪತ್ತು ಮೂವತ್ತು ಮುಳುಗು ಮತ್ತು ಅಡ್ವಾನ್ಸ್ಡ್. ಮೂರನೆಯ ವರ್ಷ ಹಡಗು. ಅಷ್ಟರಲ್ಲಿ ಮಕ್ಕಳು ತಮ್ಮ ಸಂಬಳದಲ್ಲಿ ಒಂದಿಷ್ಟು ಕೂಡಿಟ್ಟಿರುತ್ತಾರೆ, ಹುಚ್ಚು ಬಿಟ್ಟಿದ್ದರೆ ಅದೂ ತಿಳಿದಿರುತ್ತದೆ.

ಡೈವಿಂಗ್ ಕಲಿಸುವವರು ಎಲ್ಲಕ್ಕಿಂತ ಮೊದಲು ಹೇಳಿಕೊಡುವ ನಿಯಮವೊಂದಿದೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಮುಳುಗನ್ನು ಬಿಟ್ಟುಬಿಡಬಹುದು. ಕಿವಿ ನೋವು, ತಲೆಸುತ್ತು, ರಾತ್ರಿ ನಿದ್ದೆ ಬಾರದ ಬೇಸರ, ಬರೀ ಹೆದರಿಕೆ, ಯಾವುದೂ ಸಾಕು. ಹಣ ಕೊಟ್ಟಾಗಿದೆ, ಗೆಳೆಯರೆಲ್ಲ ಇಳಿಯುತ್ತಿದ್ದಾರೆ, ಅಪ್ಪ ಅಮ್ಮನ ಮುಂದೆ ದೊಡ್ಡ ಮಾತಾಡಿ ಬಂದದ್ದಾಗಿದೆ. ಅಂಥ ಹೊತ್ತಿನಲ್ಲೂ ದೋಣಿಯ ಅಂಚಿನಲ್ಲಿ ನಿಂತು ‘ಇವತ್ತು ನಾನು ಇಳಿಯೋದಿಲ್ಲ’ ಎನ್ನಬಲ್ಲ ಮಗ ಅಥವಾ ಮಗಳಿದ್ದರೆ ಪಾಲಕರು ನೆಮ್ಮದಿಯಿಂದ ಕಳುಹಿಸಿಕೊಡಬಹುದು. ಆ ಮಾತು ಇನ್ನೂ ಬಾಯಿಗೆ ಬಾರದವರಿಗೆ ಕಡಲು ಒಂದು ವರ್ಷ ಕಾದರೆ ನಷ್ಟವೇನಿಲ್ಲ. ಹವಳದ ದಿಬ್ಬ ಅಲ್ಲೇ ಇರುತ್ತದೆ.